ಕಟಿಂಗ್ ಜೊತೆಗೊಂದು ಟೋಪಿ

ನನ್ನ ಅಣ್ಣನ ತಲೆಗೂದಲು ಉದುರಿಹೋದದ್ದು ನನ್ನ ತಪ್ಪಲ್ಲ. ಅದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆಮೇಲೆ ನಮ್ಮ ಬೀದಿಯ ಗಂಡಸರು ಸುಡುವ ಬಿಸಿಲಿನಲ್ಲೂ ಹೆಣೆದ ಟೋಪಿ ಹಾಕಿಕೊಂಡು ಓಡಾಡುವಂತಾದದ್ದಕ್ಕೆ ಮಾತ್ರ ನಾನೇ ಕಾರಣ ಎಂದು ಅತ್ತಿಗೆ ಹೇಳುತ್ತಾಳೆ. ಅತ್ತಿಗೆ ಕೆಲಸ ಮಾಡುವುದು ಹಲ್ಲಿನ ಡಾಕ್ಟರ ಹತ್ತಿರ. ಇನ್ನೊಬ್ಬರ ಬಾಯೊಳಗಿನ ಹುಳುಕು ನೋಡಿ ನೋಡಿ ಅವಳಿಗೆ ಅದೇ ಅಭ್ಯಾಸವಾಗಿಬಿಟ್ಟಿದೆ. ನಡೆದದ್ದು ನಡೆದ ಹಾಗೆ ಹೇಳುತ್ತೇನೆ, ತಪ್ಪು ಯಾರದೆಂದು ನೀವೇ ತೀರ್ಮಾನಿಸಿ.

ನಮ್ಮದು ಸಲೂನು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಅಂಗಡಿಯಲ್ಲಿ ಎರಡು ಕುರ್ಚಿ. ನಲ್ಲಿ ಹತ್ತಿರದ್ದು ನನ್ನದು. ಶೇವಿಂಗು, ತಲೆ ತೊಳೆಯುವುದು, ಬಣ್ಣ ಹಚ್ಚುವುದು, ಮುಖಕ್ಕೆ ಮಾಲೀಶು ಎಲ್ಲ ಅಲ್ಲಿ. ಕಿಟಕಿ ಹತ್ತಿರದ್ದು ಅಣ್ಣನದು. ಕತ್ತರಿ ಏನಿದ್ದರೂ ಅವನ ಕೈಲೇ. ಅಪ್ಪ ಇದ್ದಾಗಲೇ ಹಾಗೆ ಭಾಗ ಮಾಡಿಕೊಟ್ಟಿದ್ದರು. "ನಿನ್ನ ಕೈ ಒಳ್ಳೇದೇ ಕಣೆ, ಆದರೆ ಸಿಟ್ಟು ಮೂಗಿನ ತುದೀಲಿದೆ. ಶೇವಿಂಗ್ ಮಾಡುವಾಗ ಗಿರಾಕಿ ಮಾತಾಡಲ್ಲ, ಹಾಗಾಗಿ ಬಚಾವ್. ಕಟಿಂಗ್ ಮಾಡುವಾಗ ಮಾತಾಡ್ತಾನೆ" ಎನ್ನುತ್ತಿದ್ದರು. ನನಗೆ ಆಗಲೂ ಬೇಜಾರಾಗಿರಲಿಲ್ಲ, ಈಗಲೂ ಇಲ್ಲ. ಸ್ವಲ್ಪ ಆಗಿತ್ತು.

ಅಣ್ಣನಿಗೆ ಎಂಥ ಕೂದಲಿತ್ತು ಎಂದರೆ, ನಮ್ಮ ಅಂಗಡಿಗೆ ಬೋರ್ಡೇ ಬೇಕಿರಲಿಲ್ಲ. ಕಪ್ಪಗೆ, ದಟ್ಟಗೆ, ಹಣೆಯಿಂದ ಹಿಂದಕ್ಕೆ ಅಲೆಅಲೆಯಾಗಿ ಹೋಗುತ್ತಿತ್ತು. ಗಿರಾಕಿಗಳು ಪಟ ತೋರಿಸುತ್ತಿರಲಿಲ್ಲ, ಅವನ ತಲೆಯನ್ನೇ ತೋರಿಸಿ "ಹೀಗೆ ಮಾಡು" ಎನ್ನುತ್ತಿದ್ದರು. ಅರ್ಧ ತಲೆ ಬೋಳಾದವರೂ ಹಾಗೇ ಕೇಳುತ್ತಿದ್ದರು. ಅಣ್ಣ ಯಾರಿಗೂ ಇಲ್ಲ ಎಂದವನಲ್ಲ, ಇದ್ದಷ್ಟರಲ್ಲೇ ಏನಾದರೂ ಮಾಡಿ ಕಳಿಸುತ್ತಿದ್ದ.

ಅಂಥ ಕೂದಲು ಒಂದು ಬೆಳಿಗ್ಗೆ ದಿಂಬಿನ ಮೇಲೆ ಉಳಿದುಕೊಂಡಿತು. ಮೊದಲು ಕಿವಿಯ ಹಿಂದೆ ಒಂದು ಬಿಲ್ಲೆ, ಆಮೇಲೆ ನೆತ್ತಿಯಲ್ಲಿ ಒಂದು. ನೋಡನೋಡುತ್ತಿದ್ದಂತೆ ತಲೆ ತೊಳೆದಿಟ್ಟ ಪಾತ್ರೆಯಂತಾಯಿತು. ಹುಬ್ಬೂ ಹೋಯಿತು, ರೆಪ್ಪೆಯೂ ಹೋಯಿತು. ಡಾಕ್ಟರು ನೋಡಿ, ಇದು ಅಂಟುವ ಕಾಯಿಲೆ ಅಲ್ಲ, ದೇಹ ತನ್ನ ಕೂದಲಿನ ಮೇಲೆ ತಾನೇ ಮುನಿಸಿಕೊಂಡಿದೆ ಅಷ್ಟೆ, ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಇಷ್ಟನ್ನು ಹೇಳುವುದಕ್ಕೆ ಅಷ್ಟು ಓದಬೇಕಿತ್ತೇ ಎಂದು ನಾನು ಅಲ್ಲೇ ಕೇಳಿದೆ. ಅತ್ತಿಗೆ ನನ್ನನ್ನು ಹೊರಗೆ ಕರೆದುಕೊಂಡು ಬಂದಳು.

ಕೂದಲು ಹೋದದ್ದನ್ನು ಅಣ್ಣ ಹೇಗೋ ಸಹಿಸಿಕೊಂಡಿದ್ದ. ಅವನನ್ನು ನೆಲಕಚ್ಚಿಸಿದ್ದು ಡ್ರಾಯಿಂಗ್ ಮೇಷ್ಟ್ರು. ಎದುರು ಬೀದಿಯ ಶಾಲೆಯಲ್ಲಿ ಪಾಠ ಮಾಡುವ, ಒಂಟಿಯಾಗಿರುವ, ಎಲ್ಲದಕ್ಕೂ ಹೆದರುವ ಮನುಷ್ಯ. ಅವತ್ತು ಕುರ್ಚಿಯಲ್ಲಿ ಕೂತಿದ್ದರು, ಕುತ್ತಿಗೆಗೆ ಬಟ್ಟೆ ಕಟ್ಟಿಯಾಗಿತ್ತು. ಅಣ್ಣ ಅವರ ತಲೆಗೆ ಕೈ ಹಾಕಿದ್ದೇ ತಡ, ಕನ್ನಡಿಯಲ್ಲಿ ಅವನನ್ನು ನೋಡಿ ದಡಕ್ಕನೆ ಎದ್ದರು. "ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎಂದವರೇ ಬಟ್ಟೆ ಸಮೇತ ಬೀದಿಗೆ ಓಡಿದರು. ಆ ಮನುಷ್ಯನ ಮನೆಯಲ್ಲಿ ಒಲೆ ಹಚ್ಚಿದ್ದನ್ನು ಇದುವರೆಗೆ ಯಾರೂ ನೋಡಿಲ್ಲ. ಬೆಂಚಿನ ಮೇಲೆ ಕಾಯುತ್ತಿದ್ದ ಇನ್ನಿಬ್ಬರಿಗೂ ಅದೇ ಹೊತ್ತಿಗೆ ಏನೇನೋ ಕೆಲಸ ನೆನಪಾಯಿತು.

ಕತ್ತರಿ ಒರೆಸಿಟ್ಟು ಮೆಟ್ಟಿಲು ಹತ್ತಿ ಹೋದ ಅಣ್ಣ ಮತ್ತೆ ಕೆಳಗೆ ಬರಲಿಲ್ಲ. ಮನೆಯ ಕನ್ನಡಿಗಳನ್ನೆಲ್ಲ ಗೋಡೆಗೆ ತಿರುಗಿಸಿದ. ಅತ್ತಿಗೆ ಚಮಚದ ಬೆನ್ನಿನಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆಯುವಂತಾಯಿತು. ದಿನವಿಡೀ ಮೇಲಿನ ಕಿಟಕಿಯ ಪರದೆಯ ಸಂದಿಯಿಂದ ಬೀದಿ ನೋಡುತ್ತ ಕೂತಿರುತ್ತಿದ್ದ. ಮಾತು ಕಡಿಮೆಯಾಯಿತು, ಊಟವೂ. ನಾನು ಜೋರು ಬಾಯಿಯವಳೇ ಇರಬಹುದು, ಆದರೆ ನನ್ನನ್ನು ಎತ್ತಿ ಆಡಿಸಿದವನು ಅವನು. ಅವನು ಕೆಳಗೆ ಬರಬೇಕು, ತನ್ನ ಕುರ್ಚಿಯ ಹಿಂದೆ ನಿಲ್ಲಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಅತ್ತಿಗೆ ಎಲ್ಲಿಂದಲೋ ಒಂದು ವಿಗ್ಗು ತಂದಳು. ಅಣ್ಣ ಅದನ್ನು ಸತ್ತ ಇಲಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ನೋಡಿದ.

"ಬೇರೆಯವರ ಕೂದಲನ್ನ ದಿನಾ ಗುಡಿಸಿ ಬಿಸಾಕೋನು ನಾನು. ಅದನ್ನೇ ತಲೆ ಮೇಲೆ ಹೊತ್ಕೋ ಅಂತೀಯಾ?"

ಪೇಟೆಯಿಂದ ಟೋಪಿ ಕೊಂಡು ತಂದರೆ ಅದರ ಹೊಲಿಗೆ ಬರಿ ಚರ್ಮಕ್ಕೆ ಚುಚ್ಚುತ್ತಿತ್ತು. ಕೆರೆದು ಕೆರೆದು ತಲೆ ಕೆಂಪಾಯಿತು. ಆಗಲೇ ನಾನು ಟಿಕೆಟ್ ಮಾಮನ ಕೈಯನ್ನು ಮೊದಲ ಸಲ ಸರಿಯಾಗಿ ನೋಡಿದ್ದು.

ಟಿಕೆಟ್ ಮಾಮ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಅವರಿಗೆ ಉಳಿದಿರುವುದು ಕಿವಿಯಿಂದ ಕಿವಿಗೆ ಒಂದು ಗೆರೆ ಕೂದಲು. ಅದಕ್ಕಾಗಿ ವಾರವಾರ ಅಂಗಡಿಗೆ ಬರುತ್ತಿದ್ದರು, ಅಂದರೆ ಹರಟೆಗೆ ಬರುತ್ತಿದ್ದರು. ಗಿರಾಕಿಗಳೆಲ್ಲ ಕೈಕೊಟ್ಟ ಆ ದಿನಗಳಲ್ಲೂ ಬೆಂಚು ಬಿಟ್ಟು ಹೋಗದವರು ಅವರೊಬ್ಬರೇ. ಹಿಂದೊಮ್ಮೆ ಕಾಲು ಮುರಿದು ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮಂಚದವನ ಹೆಂಡತಿ ಅವರಿಗೆ ಕ್ರೋಶಾ ಹೆಣಿಗೆ ಕಲಿಸಿದ್ದಳಂತೆ. ಅಲ್ಲಿಂದೀಚೆಗೆ ಅವರ ಮನೆಯಲ್ಲಿ ಬಟ್ಟೆ ತೊಡದ ವಸ್ತುವೇ ಇಲ್ಲ. ರೇಡಿಯೋಕ್ಕೆ ಅಂಗಿ, ನೀರಿನ ಹೂಜಿಗೆ ಲಂಗ, ಸೈಕಲ್ ಸೀಟಿಗೆ ಕುಲಾವಿ. ಅವತ್ತು ಕೊಕ್ಕೆಯಂಥ ಕಡ್ಡಿ ಹಿಡಿದು ಔಷಧಿ ಬಾಟಲಿಗೊಂದು ಕೋಟು ಹೆಣೆಯುತ್ತಿದ್ದರು.

"ಮಾಮ, ಇದರಲ್ಲಿ ಟೋಪಿ ಬರುತ್ತಾ? ಹೊಲಿಗೆ ಚುಚ್ಚಬಾರದು."

"ಇದರಲ್ಲಿ ಹೊಲಿಗೇನೇ ಇಲ್ಲವಲ್ಲಮ್ಮ. ನಡುನೆತ್ತಿಯಿಂದ ಶುರು ಮಾಡೋದು, ಸುತ್ತುತ್ತಾ ಸುತ್ತುತ್ತಾ ಕಿವಿವರೆಗೆ ಬರೋದು. ತಲೇಲಿ ಸುಳಿ ಇರಲ್ವಾ, ಹಾಗೆ."

ಸುಳಿ ಎಂದದ್ದೇ ನನಗೆ ಧೈರ್ಯ ಬಂತು. ತಲೆಯ ಸುಳಿ ನನಗೆ ಅಂಗೈಯಷ್ಟೇ ಪರಿಚಯ. ಕೂದಲು ಎತ್ತ ತಿರುಗಿದೆ, ಎಲ್ಲಿ ಹಟ ಮಾಡುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇದು ನಮ್ಮ ಮನೆಯ ವಿದ್ಯೆಯೇ, ಎಲ್ಲೋ ಕಳೆದುಹೋಗಿ ಟಿಕೆಟ್ ಮಾಮನ ಕೈಗೆ ಸಿಕ್ಕಿದೆ ಎಂದುಕೊಂಡು ಮೆತ್ತನೆಯ ಹತ್ತಿ ದಾರ ತಂದು ಕೂತೆ.

ವಿದ್ಯೆ ನನ್ನನ್ನು ಗುರುತು ಹಿಡಿಯಲಿಲ್ಲ. ಮೊದಲು ಹೆಣೆದದ್ದು ತಟ್ಟೆಯಂತೆ ಚಪ್ಪಟೆಯಾಯಿತು. ಎರಡನೆಯದು ಮೊಟ್ಟೆ ಇಡುವ ಬಟ್ಟಲಾಯಿತು. ಮೂರನೆಯದರ ಅಂಚು ಹೂಕೋಸಿನ ಎಲೆಯ ಹಾಗೆ ನಿರಿಗೆ ನಿರಿಗೆಯಾಗಿ ಎದ್ದು ನಿಂತಿತು. ಮಾಮ ಕನ್ನಡಕ ಮೂಗಿನ ತುದಿಗಿಳಿಸಿ, ಒಂದೊಂದೇ ಕುಣಿಕೆಯನ್ನು ಉಗುರಿನಿಂದ ಮುಟ್ಟಿ ತಪಾಸಣೆ ಮಾಡುತ್ತಿದ್ದರು.

"ನೋಡು, ಇಲ್ಲೊಬ್ಬ ಟಿಕೆಟ್ ಇಲ್ಲದೆ ಹತ್ತಿದಾನೆ. ಅದಕ್ಕೇ ಈ ನೂಕುನುಗ್ಗಲು. ಇಲ್ಲೊಬ್ಬ ಊರು ಬರೋಕೆ ಮುಂಚೆ ಇಳಿದುಹೋಗಿದಾನೆ. ಬಿಚ್ಚು."

"ಅಲ್ಲಿವರೆಗೂ ಬಿಚ್ಚಬೇಕಾ?"

"ಅಲ್ಲಿವರೆಗೂ."

ಬಿಚ್ಚಿದೆ. ಕಡ್ಡಿಯನ್ನು ಗೋಡೆಗೆ ಎಸೆದೆ. ಹೆಕ್ಕಿಕೊಂಡು ಬಂದು ಮತ್ತೆ ಕೂತೆ. ಹೀಗೆ ಬಿಚ್ಚುತ್ತ ಬೈಯುತ್ತ ಕೈ ಪಳಗಿತು. ಒಂದು ದಿನ ತಪಾಸಣೆಯಲ್ಲಿ ಎಲ್ಲ ಪ್ರಯಾಣಿಕರೂ ಸರಿಯಾಗಿ ಸಿಕ್ಕರು. ಮಾಮ ತಲೆಯಾಡಿಸಿ, "ಇನ್ನು ದಾರ ಕತ್ತರಿಸು. ಗೇಣುದ್ದ ಬಾಲ ಬಿಡು, ಅದನ್ನ ಸೂಜೀಲಿ ಹೆಣಿಗೆಯೊಳಗೆ ಹಾಯಿಸಿ ಬಿಗಿ ಮಾಡಬೇಕು" ಎಂದರು.

ಇದೊಂದು ಮಾತು ಮಾತ್ರ ನನಗೆ ಹಿಡಿಸಲಿಲ್ಲ. ನಾನು ಸಲೂನಿನವಳು. ಎಲ್ಲಾದರೂ ಒಂದು ಎಳೆ ಹೊರಗೆ ಚಾಚಿಕೊಂಡಿದ್ದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಗಿರಾಕಿಯ ಕಿವಿಯ ಮೇಲೆ ಗೇಣುದ್ದ ಬಾಲ ಬಿಟ್ಟು, ಇದನ್ನು ಸೂಜಿಯಲ್ಲಿ ಒಳಗೆ ಹಾಯಿಸಿಕೊಳ್ಳಿ ಎಂದು ಕಳಿಸಿದರೆ ಅವನು ಬಿಡುತ್ತಾನೆಯೇ? ಮಾಮ ಆ ಕಡೆ ತಿರುಗಿದ್ದೇ ತಡ, ಒಂದು ಗಂಟು ಹಾಕಿ ಬುಡಕ್ಕೆ ಸರಿಯಾಗಿ ಚಕ್ಕನೆ ಕತ್ತರಿಸಿದೆ. ನುಣ್ಣಗೆ, ನೀಟಾಗಿ ಕೂತಿತು. ಆಮೇಲೆ ಮಾಡಿದ ಟೋಪಿಗಳಿಗೂ ಹಾಗೇ ಮಾಡಿದೆ. ಮಾಮನಿಗೆ ಹೇಳಲಿಲ್ಲ, ಅವರಿಗೆ ವಯಸ್ಸಾಗಿದೆ.

ಕಡುನೀಲಿ ಟೋಪಿ ಹಿಡಿದು ಎರಡೆರಡೇ ಮೆಟ್ಟಿಲು ಹತ್ತಿ ಹೋದೆ. ಅಣ್ಣ ತೆಗೆದುಕೊಂಡ, ತಲೆಗೆ ಹಾಕಿಕೊಂಡ. ಟೋಪಿ ಹಣೆ ದಾಟಿತು, ಮೂಗು ದಾಟಿತು, ಗಲ್ಲದ ಹತ್ತಿರ ಬಂದು ನಿಂತಿತು. ನಾನು ಅಳತೆ ತೆಗೆದಿರಲಿಲ್ಲ. ಅಣ್ಣನ ತಲೆಗೆ ನಾನೇಕೆ ಟೇಪು ಹಿಡಿಯಲಿ? ಎಷ್ಟು ಸಲ ತೊಳೆದಿದ್ದೇನೆ, ಕೈಗೇ ಗೊತ್ತು. ಆದರೆ ನನ್ನ ಕೈಗೆ ಗೊತ್ತಿದ್ದದ್ದು ಕೂದಲಿದ್ದ ತಲೆ.

"ಚೆನ್ನಾಗಿದೆ" ಎಂದ ಅಣ್ಣ ಟೋಪಿಯ ಒಳಗಿನಿಂದಲೇ. "ನಿನ್ನ ಮುಖ ಕಾಣಲ್ಲ, ಅದೊಂದು ಅನುಕೂಲ."

ಅತ್ತಿಗೆ ನಗು ತಡೆಯಲಾರದೆ ಅಡುಗೆಮನೆಗೆ ಹೋದಳು. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಲ್ಲಿ ಕುರ್ಚಿ ಖಾಲಿ, ಇಲ್ಲಿ ಇಷ್ಟು ದಿನ ಬೆರಳು ನೋಯಿಸಿಕೊಂಡು ಮಾಡಿದ್ದು ಗೋಣಿಚೀಲ. ಅಳು ಮುಗಿದ ಮೇಲೆ ಸಿಟ್ಟು ಬಂತು, ಸಿಟ್ಟಿನಲ್ಲಿ ಇನ್ನೊಂದು ಹೆಣೆದೆ. ಅದು ಅಣ್ಣನ ತಲೆಗೆ ಅಚ್ಚುಕಟ್ಟಾಗಿ ಕೂತಿತು. ಚುಚ್ಚಲಿಲ್ಲ, ಕೆರೆಯಲಿಲ್ಲ. ಅವನು ಅದನ್ನು ಮನೆಯೊಳಗೆ ಬೆಳಗಿಂದ ಸಂಜೆತನಕ ಹಾಕಿಕೊಂಡಿರತೊಡಗಿದ.

"ಇನ್ನು ಕೆಳಗೆ ಬಾ" ಎಂದೆ.

"ಬರಲ್ಲ."

"ಯಾಕೆ? ಟೋಪಿ ಇದೆಯಲ್ಲ!"

"ಕುರ್ಚೀಲಿ ಕೂತೋನು ಕನ್ನಡೀಲಿ ತನ್ನ ಮುಖ ನೋಡ್ಕೊಳ್ಳಲ್ಲ ಕಣೆ, ನನ್ನನ್ನೇ ನೋಡ್ತಾನೆ. ಟೋಪಿ ಇದ್ರೆ ಅದರ ಕೆಳಗೇನಿದೆ ಅಂತ ನೋಡ್ತಾನೆ. ಹುಬ್ಬಿಗೂ ಒಂದೊಂದು ಹೆಣೆದು ಕೊಡ್ತೀಯಾ?" ಪರದೆಯ ಕಡೆ ಮುಖ ತಿರುಗಿಸಿ ಹೇಳಿದ, "ಕತ್ತರಿ ನೀನೇ ಹಿಡಿ. ನನ್ನ ಕತೆ ಮುಗೀತು."

ಕೆಳಗೆ ಬಂದು ಕತ್ತರಿ ಹಿಡಿದೆ.

ಅಣ್ಣ ಅಂಗಡಿಯಲ್ಲಿಲ್ಲ ಎಂದು ಗೊತ್ತಾದದ್ದೇ ತಡ, ಓಡಿಹೋಗಿದ್ದ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಹಿಂತಿರುಗಿದರು. ಮೊದಲು ಬಂದವನು ಎಲೆಕ್ಟ್ರಿಷಿಯನ್. ಅವನ ತಲೆಯ ಬಲಗಡೆ ಸ್ವಲ್ಪ ಜಾಸ್ತಿ ಹೋಯಿತು. ಅದಕ್ಕೆ ಸಮ ಮಾಡಲು ಎಡಗಡೆ ತೆಗೆದೆ, ಆಗ ಎಡಗಡೆ ಜಾಸ್ತಿಯಾಯಿತು. ಬಲ, ಎಡ, ಬಲ, ಎಡ ಎಂದು ಹೋಗುತ್ತ ಹೋಗುತ್ತ ಕಿವಿಯಿಂದ ಮೇಲೆ ಬಯಲಾಗಿ, ನೆತ್ತಿಯಲ್ಲಿ ಮಾತ್ರ ಒಂದು ಹುಲ್ಲುಮೆದೆ ಉಳಿಯಿತು. ಅವನು ಕನ್ನಡಿ ನೋಡಿ ಬಾಯಿ ತೆರೆಯುವುದರೊಳಗೆ, ಕೈ ಪಳಗಲೆಂದು ಹೆಣೆದು ಗೂಡಿನಲ್ಲಿಟ್ಟಿದ್ದ ಹಸಿರು ಟೋಪಿಯೊಂದನ್ನು ತೆಗೆದು ತಲೆಗೆ ಹಾಕಿ ಕಿವಿವರೆಗೆ ಎಳೆದೆ.

"ಉಡುಗೊರೆ" ಎಂದೆ. "ಹಳೇ ಗಿರಾಕಿಗಳಿಗೆ ಮಾತ್ರ. ನನ್ನ ಕೈಯಾರೆ ಮಾಡಿದ್ದು."

ಕೈಯಾರೆ ಮಾಡಿದ್ದು ಎಂದ ಮೇಲೆ ಯಾರಾದರೂ ಏನು ಹೇಳುತ್ತಾರೆ? ಅವನು ತಲೆ ಮುಟ್ಟಿ ನೋಡಿಕೊಂಡು, ಥ್ಯಾಂಕ್ಸ್ ಹೇಳಿ ಹೋದ. ಇದು ಒಳ್ಳೆಯ ಉಪಾಯ ಎನ್ನಿಸಿತು. ಆಮೇಲೆ ಪೇಪರ್ ಅಂಗಡಿಯವನಿಗೆ ಕೆಂಪು ಟೋಪಿ ಹೋಯಿತು. ಡ್ರಾಯಿಂಗ್ ಮೇಷ್ಟ್ರೂ ಬಂದರು. ಯಾವ ಮುಖ ಇಟ್ಟುಕೊಂಡು ಬಂದರೋ, ಬಂದರು. ಅವರ ತಲೆ ಕೈಗೆ ಸಿಕ್ಕಿದಾಗ ಒಲೆಯ ಮೇಲಿನ ಹಾಲು ನೆನಪಾಗಿ ಕತ್ತರಿ ತಾನಾಗಿಯೇ ಆಳಕ್ಕಿಳಿಯಿತು. ಅವರಿಗೆ ಕಂದು ಬಣ್ಣದ, ಅತ್ಯಂತ ಬಿಗಿಯಾದ ಟೋಪಿ ಕೊಟ್ಟೆ. ಅಂಗಡಿಗೆ ಬಂದವರಿಗೆಲ್ಲ ಟೋಪಿ ಹಾಕಿ ಕಳಿಸುತ್ತಿದ್ದೀಯ ಎಂದು ಟಿಕೆಟ್ ಮಾಮ ನಕ್ಕರು. ನಾನು ನಗಲಿಲ್ಲ. ಕಟಿಂಗಿಗಿಂತ ವೇಗವಾಗಿ ಟೋಪಿ ಹೆಣೆಯಬೇಕಾಗಿತ್ತು, ನಗುವುದಕ್ಕೆ ಪುರುಸೊತ್ತೆಲ್ಲಿ?

ಊಟಕ್ಕೆಂದು ಮೇಲೆ ಹೋದರೆ ಅಣ್ಣ ಪರದೆಯ ಸಂದಿಯಲ್ಲೇ ಕಣ್ಣಿಟ್ಟಿದ್ದ.

"ಎಲೆಕ್ಟ್ರಿಷಿಯನ್ ಯಾಕೆ ಟೋಪಿ ಹಾಕ್ಕೊಂಡಿದಾನೆ?"

"ಚಳಿ ಅಂತೆ."

"ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕ್ಕೊಂಡಿದಾನೆ. ತಲೆಗೆ ಮಾತ್ರ ಚಳಿಯಾ?"

"ಉಡುಗೊರೆ ಕೊಟ್ಟೆ ಕಣೋ. ಪ್ರೀತಿಗೆ ಹಾಕ್ಕೊಂಡಿರ್ತಾನೆ."

"ಪೇಪರ್ ಅಂಗಡಿಯವನಿಗೂ ಪ್ರೀತಿನಾ?"

ನಾನು ತಟ್ಟೆಯ ಕಡೆ ನೋಡಿಕೊಂಡು ಊಟ ಮಾಡಿದೆ. ಅಣ್ಣ ನನ್ನನ್ನೇ ನೋಡುತ್ತಿದ್ದ. ಅವನಿಗೆ ಅನುಮಾನ ಶುರುವಾಗಿತ್ತು, ಅದು ನನಗೂ ಗೊತ್ತಿತ್ತು. ಆದರೂ ಒಂದು ಮಾತು ಹೇಳುತ್ತೇನೆ: ಎಷ್ಟೋ ದಿನದ ಮೇಲೆ ಅವನು ಅವತ್ತು ಎರಡನೇ ಸಲ ಪಲ್ಯ ಹಾಕಿಸಿಕೊಂಡ.

ಇಷ್ಟರಲ್ಲಿ ಪಿಟೀಲು ತಾತ ಬಂದರು.

ಪಿಟೀಲು ತಾತನ ತಲೆ ಎಂದರೆ ಅಣ್ಣನ ಕೈಗುಣಕ್ಕೆ ಸಾಕ್ಷಿ. ಬೆಳ್ಳಗಿನ ಉದ್ದ ಕೂದಲು ಕಾಲರಿನ ತನಕ ಇಳಿಯುತ್ತಿತ್ತು. ಅವರು ಪಿಟೀಲು ನುಡಿಸುತ್ತ ತಲೆ ಕೊಡವಿದರೆ ಅದು ಎದ್ದು, ಹಾರಿ, ಮತ್ತೆ ತನ್ನ ಜಾಗಕ್ಕೇ ಬಂದು ಕೂರುವಂತೆ ಅಣ್ಣ ಕತ್ತರಿಸಿಡುತ್ತಿದ್ದ. ಜನ ಅರ್ಧ ಸಂಗೀತಕ್ಕೆ, ಅರ್ಧ ಆ ಕೂದಲಿಗೆ ಬರುತ್ತಿದ್ದರು. ಅವತ್ತು ಸಂಜೆ ಅವರ ಕಚೇರಿ ಇತ್ತು.

"ತುದಿ ಮಾತ್ರ ಮುಟ್ಟಮ್ಮ. ಒಂದು ನೂಲಿನಷ್ಟು" ಎಂದರು.

ಅಷ್ಟೇ ಮುಟ್ಟಬೇಕೆಂದು ನಾನೂ ಆಣೆ ಇಟ್ಟುಕೊಂಡಿದ್ದೆ. ಉಸಿರು ಬಿಗಿಹಿಡಿದು ಕತ್ತರಿ ಇಟ್ಟೆ. ಆದರೆ ತಾತ ಪಿಟೀಲು ಕೈಯಲ್ಲಿಲ್ಲದಿದ್ದರೂ ಕುಯ್ಯುವುದರಲ್ಲಿ ನಿಸ್ಸೀಮರು. ಹಿಂದೆ ಯಾವುದೋ ಊರಿನಲ್ಲಿ ಇವರ ವಾದನ ಕೇಳಿ ವೈರಿಯೇ ಎದ್ದು ನಿಂತ ಕತೆ ಶುರು ಮಾಡಿದರು. ವೈರಿ ಹೇಗೆ ಎದ್ದು ನಿಂತ ಎಂದು ತೋರಿಸಲು ಸರಕ್ಕನೆ ಎದ್ದರು. ಕತ್ತರಿ ಅವರ ಜೊತೆ ಎದ್ದಿತು. ಹಿಂಗತ್ತಿನ ಮೇಲೆ ಅಂಗೈಯಗಲದ ಬೆಳ್ಳನೆಯ ಚರ್ಮ ಕಂಡಿತು.

ಸುತ್ತಲಿನದ್ದನ್ನು ಅದಕ್ಕೆ ಹೊಂದಿಸಲು ಹೋದೆ. ಹೊಂದಿಸಿದಷ್ಟೂ ಚರ್ಮ ಅಗಲವಾಯಿತು.

"ಹಿಂದೆ ಏನೋ ತಂಪಾಗಿದೆಯಲ್ಲ?" ಎಂದರು ತಾತ.

"ಅದಕ್ಕೇ ತಾತ, ನಿಮಗೊಂದು ಟೋಪಿ. ಉಡುಗೊರೆ."

ಹಿಂದಿನ ಭಾಗ ತೋರಿಸುವ ಕೈಗನ್ನಡಿ ಅವತ್ತು ಎಲ್ಲೂ ಸಿಗಲಿಲ್ಲ ಎಂದೆ. ಅದನ್ನು ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಗೂಡಿನಲ್ಲಿದ್ದ ದೊಡ್ಡ ಹಳದಿ ಟೋಪಿಯನ್ನು ಹಿಂಗತ್ತು ಮುಚ್ಚುವಂತೆ ಎಳೆದು ತೊಡಿಸಿದೆ. ತಾತ ಸಂತೋಷದಿಂದ ನನ್ನ ತಲೆ ಸವರಿ, ಪಿಟೀಲಿನ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಅವರು ಬಾಗಿಲು ದಾಟುವಾಗ ಟೋಪಿಯ ಅಂಚು ಚಿಲಕಕ್ಕೆ ಸಿಕ್ಕಿಕೊಂಡಿತು. ನಾನು ಬುಡಕ್ಕೆ ಕತ್ತರಿಸಿದ್ದ ಗಂಟು ಬಿಟ್ಟುಕೊಂಡಿತು. ತಾತನಿಗೆ ಗೊತ್ತಾಗಲಿಲ್ಲ. ಅವರು ಬೀದಿಯಲ್ಲಿ ನಡೆದುಕೊಂಡು ಹೋದರು, ದಾರದ ತುದಿ ಮಾತ್ರ ನಮ್ಮ ಚಿಲಕದಲ್ಲೇ ಉಳಿಯಿತು.

ಟಿಕೆಟ್ ಮಾಮ ಬೆಂಚಿನಿಂದ ಎದ್ದು ನಿಂತರು. "ಅಯ್ಯಯ್ಯೋ, ಬಾಲ ಕತ್ತರಿಸಿದ್ದೀಯಾ?"

ನಾನು ಬಾಗಿಲಿಗೆ ಓಡಿದೆ. ಹಳದಿ ದಾರ ಬೀದಿಯುದ್ದಕ್ಕೂ ಹರಿದಿತ್ತು. ಅದರ ಆ ತುದಿಯಲ್ಲಿ ತಾತ ಗಂಭೀರವಾಗಿ ನಡೆಯುತ್ತಿದ್ದರು, ಅವರ ಟೋಪಿ ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುತ್ತಿತ್ತು. ಅಂಚು ಕಿವಿಯಿಂದ ಮೇಲೇರಿತು. ಹಿಂಗತ್ತು ಕಂಡಿತು. ನಾನು ಮಾಡಿದ್ದೆಲ್ಲ ಹಾಡಹಗಲಲ್ಲಿ, ನಡುಬೀದಿಯಲ್ಲಿ, ಸ್ವಲ್ಪಸ್ವಲ್ಪವಾಗಿ ಬಯಲಾಗುತ್ತಿತ್ತು. ಏಣಿಯ ಮೇಲಿದ್ದ ಎಲೆಕ್ಟ್ರಿಷಿಯನ್ ತಂತಿ ಬಿಟ್ಟು ಅದನ್ನೇ ನೋಡುತ್ತ ನಿಂತ. ತಾತ ಮೂಲೆ ತಲುಪುವ ಹೊತ್ತಿಗೆ ನೆತ್ತಿಯ ಮೇಲೆ ಬಿಸ್ಕತ್ತಿನಷ್ಟಗಲದ ಹಳದಿ ಬಿಲ್ಲೆ ಮಾತ್ರ ಉಳಿದಿತ್ತು.

ಮೇಲೆ ಕಿಟಕಿ ಧಡಾರನೆ ತೆರೆದುಕೊಂಡಿತು.

"ತಾತಾ! ಅಲ್ಲೇ ನಿಲ್ಲಿ! ಒಂದು ಹೆಜ್ಜೆ ಇಡಬೇಡಿ!"

ಆ ದನಿ ಕೇಳಿ ಎಷ್ಟು ದಿನವಾಗಿತ್ತು! ಮರದ ಮೆಟ್ಟಿಲು ಗುಡುಗಿತು. ಅಣ್ಣ ಮನೆಯ ಬಟ್ಟೆಯಲ್ಲೇ, ಬರಿಗಾಲಲ್ಲೇ ನನ್ನ ಪಕ್ಕದಿಂದ ಗಾಳಿಯಂತೆ ಹೋದ. ತಲೆಯ ಮೇಲಿನ ಟೋಪಿ ಓಡುವ ರಭಸಕ್ಕೆ ಮೆಟ್ಟಿಲ ಮೇಲೆಲ್ಲೋ ಬಿದ್ದುಹೋಗಿತ್ತು. ಬೀದಿಯ ಜನರೆಲ್ಲ ನೋಡುತ್ತಿದ್ದಂತೆ, ಬಿಸಿಲಲ್ಲಿ ಮಿಂಚುವ ತಲೆ ಹೊತ್ತು, ದಾರ ಹಿಡಿದುಕೊಂಡೇ ಮೂಲೆಯವರೆಗೆ ಓಡಿದ. ತಾತನ ಕೈ ಹಿಡಿದು ಹಿಂದಕ್ಕೆ ಕರೆತಂದು ತನ್ನ ಕುರ್ಚಿಯಲ್ಲಿ ಕೂರಿಸಿದ. ಅವರ ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಇಲ್ಲೇನು ಹುಲ್ಲು ಕೊಯ್ದಿದ್ದೀಯಾ? ಎಷ್ಟು ವರ್ಷ ಸಾಕಿದ ಕೂದಲು ಇದು! ಆ ಟೋಪಿಗಳ ಕೆಳಗೆಲ್ಲ ಇದೇನಾ?"

ನಾನು ನೆಲದ ಮೇಲಿನ ಬಿಳಿ ಕೂದಲನ್ನು ಕಾಲಿನಿಂದ ಕುರ್ಚಿಯ ಅಡಿಗೆ ತಳ್ಳಿದೆ.

"ಕತ್ತರಿ ಕೊಡು."

ಕೊಟ್ಟೆ.

"ಇನ್ನೊಂದ್ಸಲ ಇದನ್ನ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ."

ನನಗೆ ಜನ್ಮದಲ್ಲಿ ಯಾರ ಬೈಗುಳವೂ ಅಷ್ಟು ಸಿಹಿಯಾಗಿ ಕೇಳಿಸಿರಲಿಲ್ಲ.

ಅಣ್ಣ ಕೆಲಸಕ್ಕಿಳಿದ. ಉಳಿದಿದ್ದ ಉದ್ದ ಕೂದಲನ್ನು ಬೇರೆ ರೀತಿಯಲ್ಲಿ ಹಿಂದಕ್ಕೆ ಹರಿಸಿ, ಪದರ ಪದರವಾಗಿ ಕತ್ತರಿಸಿ, ಬಯಲಾದ ಜಾಗದ ಮೇಲೆ ಅದು ಬಂದು ಕೂರುವಂತೆ ಮಾಡುತ್ತಿದ್ದ. ತಾತ ಕತೆ ಹೇಳಲು ಬಾಯಿ ತೆರೆದರು. "ಅಲುಗಾಡಬೇಡಿ" ಎಂದ ಅಣ್ಣ. ತಾತ ಬಾಯಿಗೆ ಬೀಗ ಹಾಕಿಕೊಂಡರು. ಬಾಗಿಲಲ್ಲಿ ಜನ ಸೇರಿದ್ದರು. ಹಸಿರು ಟೋಪಿಯ ಎಲೆಕ್ಟ್ರಿಷಿಯನ್, ಕೆಂಪು ಟೋಪಿಯ ಪೇಪರ್ ಅಂಗಡಿಯವನು, ಎಲ್ಲರ ಹಿಂದೆ ಕಂದು ಟೋಪಿಯ ಡ್ರಾಯಿಂಗ್ ಮೇಷ್ಟ್ರು. ಯಾರೂ ಒಳಗೆ ಕಾಲಿಡಲಿಲ್ಲ.

ಎರಡೂ ಕಡೆ ಸಮ ಬಂದಿದೆಯೇ ಎಂದು ನೋಡಲು ಅಣ್ಣ ತಲೆಯೆತ್ತಿ ಕನ್ನಡಿ ನೋಡಿದ. ಅಲ್ಲಿ ತಾತನ ಮುಖ ಇತ್ತು, ಅದರ ಮೇಲೆ ಅವನದೇ ಮುಖ. ಹುಬ್ಬಿಲ್ಲ, ಕೂದಲಿಲ್ಲ. ಅವನ ಕೈ ನಿಂತಿತು. ಟಿಕೆಟ್ ಮಾಮ ನನ್ನ ಮೊಣಕೈ ಹಿಡಿದುಕೊಂಡರು. ಈಗ ಹೋಗುತ್ತಾನೆ, ಮೆಟ್ಟಿಲು ಹತ್ತಿ ಹೋಗಿಯೇಬಿಡುತ್ತಾನೆ ಎಂದು ನಾನು ಹೆದರಿ ಸಾಯುತ್ತಿದ್ದೆ.

ಅಣ್ಣ ಕನ್ನಡಿಯಲ್ಲಿ ತನ್ನನ್ನು ಚೆನ್ನಾಗಿ ಒಂದು ಸಲ ನೋಡಿಕೊಂಡ. ಆಮೇಲೆ ತಾತನ ಎಡಗಿವಿಯ ಹತ್ತಿರ ಬಗ್ಗಿ, "ಈ ಕಡೆ ಇನ್ನೊಂಚೂರು ಹೋಗಬೇಕು" ಎಂದು ಕತ್ತರಿ ಆಡಿಸಿದ.

ತಾತ ಎದ್ದು ತಲೆ ಕೊಡವಿ ನೋಡಿದರು. ಕೂದಲು ಹಾರಿತು, ಬಂದು ಕೂತಿತು. ಅವರು ಅಣ್ಣನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು ಹೋದರು. ಅಣ್ಣ ಬಟ್ಟೆ ಕೊಡವಿ, ಬಾಗಿಲ ಕಡೆ ನೋಡದೆಯೇ ಹೇಳಿದ:

"ಯಾರು ಮುಂದೆ?"

ಯಾರೂ ಅಲುಗಾಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಅಣ್ಣನ ತಲೆ ನೋಡಿದರು. ಬಟ್ಟೆ ಹಿಡಿದಿದ್ದ ಅವನ ಕೈ ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ನನಗೆ ಕಿರುಚಬೇಕೆನಿಸಿತು.

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಹಸಿರು ಟೋಪಿ ಕಿತ್ತು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದ. "ಅಣ್ಣ, ನಂದು ನೋಡಿ. ಹೆಂಡತಿ ನನ್ನ ಜೊತೆ ಹೊರಗೆ ಬರೋದೇ ಬಿಟ್ಟಿದಾಳೆ."

"ನಿಂದೇನು ಮಹಾ" ಎಂದು ಪೇಪರ್ ಅಂಗಡಿಯವನು ಅವನನ್ನು ತಳ್ಳಿಕೊಂಡು ಮುಂದೆ ಬಂದು ಕೆಂಪು ಟೋಪಿ ತೆಗೆದ. "ಇಲ್ಲಿ ನೋಡಿ, ಹಿಂದೆ ಮೆಟ್ಟಿಲು ಕಟ್ಟಿಬಿಟ್ಟಿದಾಳೆ. ನನ್ನದು ಮೊದಲು."

"ನಂದು ಎರಡೂ ಕಡೆ ಹೋಗಿದೆ ಸ್ವಾಮಿ, ನಿಮ್ಮದು ಹಿಂದೆ ಮಾತ್ರ!"

ಯಾರ ತಲೆಯನ್ನು ನಾನು ಹೆಚ್ಚು ಹಾಳು ಮಾಡಿದ್ದೇನೆ ಎಂದು ಇಬ್ಬರೂ ನನ್ನೆದುರೇ ಕಿತ್ತಾಡತೊಡಗಿದರು. ನನ್ನ ಮಾನ ಮೂರು ಕಾಸಿಗೆ ಹೋಗುತ್ತಿತ್ತು. ನನ್ನ ಕಣ್ಣು ಮಾತ್ರ ಬಾಗಿಲಲ್ಲಿ ನಿಂತಿದ್ದ ಡ್ರಾಯಿಂಗ್ ಮೇಷ್ಟ್ರ ಮೇಲಿತ್ತು. ಅವರು ಕಂದು ಟೋಪಿಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದುಕೊಂಡಿದ್ದರು. ಅವರು ಓಡಿಹೋದರೆ ನಾಳೆ ಮತ್ತೆ ಊರೆಲ್ಲ ಓಡುತ್ತದೆ.

"ಅಣ್ಣ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಇವರಿಬ್ಬರದ್ದೂ ಏನಿಲ್ಲ. ಎಲ್ಲರಿಗಿಂತ ಕೆಟ್ಟಿರೋದು ಮೇಷ್ಟ್ರ ತಲೆ. ನಾನು ಸಿಟ್ಟಲ್ಲಿ ಕತ್ತರಿ ಹಾಕಿದ್ದೆ. ಅವರದನ್ನ ಮೊದಲು ಮಾಡು."

ಮೇಷ್ಟ್ರು ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು. ಆಮೇಲೆ ತುಂಬ ಹೊತ್ತು ತೆಗೆದುಕೊಂಡು, ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಟೋಪಿ ಕಿತ್ತರು. ಪೇಪರ್ ಅಂಗಡಿಯವನು "ಅಯ್ಯೋ ಪಾಪ" ಎಂದು ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ. ಎಲೆಕ್ಟ್ರಿಷಿಯನ್ ತನ್ನ ಟೋಪಿ ಮತ್ತೆ ಹಾಕಿಕೊಂಡ.

ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತರು. ಅಣ್ಣ ಅವರ ಕುತ್ತಿಗೆಗೆ ಬಟ್ಟೆ ಕಟ್ಟಿದ. ತಲೆ ಮುಟ್ಟುವ ಮೊದಲು ಅವನ ಕೈ ಗಾಳಿಯಲ್ಲೇ ತಡೆಯಿತು.

"ಅಂಟಲ್ಲ ಮೇಷ್ಟ್ರೇ" ಎಂದ ಮೆಲ್ಲಗೆ.

ಮೇಷ್ಟ್ರು ಕನ್ನಡಿಯಲ್ಲಿ ತಮ್ಮ ತಲೆಯನ್ನೊಮ್ಮೆ, ಅಣ್ಣನ ತಲೆಯನ್ನೊಮ್ಮೆ ನೋಡಿದರು.

"ಅಂಟಲಿ ಬಿಡಪ್ಪ" ಎಂದರು. "ಇದಕ್ಕಿಂತ ಅದೇ ಚೆಂದ."

ಮೊದಲು ನಕ್ಕವನು ಅಣ್ಣ. ಹೊಟ್ಟೆ ಹಿಡಿದುಕೊಂಡು, ಕುರ್ಚಿಯ ಬೆನ್ನಿಗೆ ಒರಗಿಕೊಂಡು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ಮೇಷ್ಟ್ರ ತಲೆಯ ಮೇಲೆ ಅಂಗೈಯನ್ನು ಪೂರ್ತಿಯಾಗಿ ಊರಿದ. ಮೇಷ್ಟ್ರು ಅಲುಗಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಟವೆಲುಗಳನ್ನು ಮಡಿಸತೊಡಗಿದೆ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ, ಏಕೆಂದರೆ ನನಗೆ ಏನೂ ಕಾಣಿಸುತ್ತಿರಲಿಲ್ಲ.

"ಅಲ್ಲೇನು ಅಳ್ತಾ ನಿಂತಿದ್ದೀಯಾ?" ಎಂದ ಅಣ್ಣ. "ಬಿಸಿನೀರು ತಾ. ಸಾಲಲ್ಲಿ ಜನ ಇದಾರೆ."